ಅನ್ನದಡಿಯ ತುಂಡು

ಎಡಿಸನ್, ನ್ಯೂಜೆರ್ಸಿ
೧೫ ಸೆಪ್ಟೆಂಬರ್ ೨೦೨೪, ಭಾನುವಾರ

ಪ್ರೀತಿಯ ಅವ್ವನಿಗೆ,

ನಿನ್ನ ಮಗಳು ಹರ್ಷಿತಾಳ ನಮಸ್ಕಾರ. ಅಕ್ಷರ ಯಾಕೆ ಇಷ್ಟು ದಪ್ಪ ಎಂದು ನಗಬೇಡ. ನೀನು ಕನ್ನಡಕವನ್ನು ಡಬ್ಬಿಯಲ್ಲೇ ಬಿಟ್ಟು, ಬಾಗಿಲ ಬೆಳಕಿಗೆ ಕೂತು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುವವಳು ಎಂದು ನನಗೆ ಗೊತ್ತು. ಅದಕ್ಕೇ ನಿನ್ನ ಮೊಮ್ಮಗಳು ಶ್ರಿಯಾಳ ಸ್ಕೂಲಿನ ಗೆರೆ ಹಾಳೆಯಲ್ಲಿ ಬಿಡಿಸಿ ಬಿಡಿಸಿ ಬರೆಯುತ್ತಿದ್ದೇನೆ. ಇದನ್ನು ದೇವಮ್ಮತ್ತೆಯಿಂದಾಗಲಿ, ಪಕ್ಕದ ಮನೆಯವರಿಂದಾಗಲಿ ಓದಿಸಬೇಡ. ಎಷ್ಟು ದಿನ ಹಿಡಿದರೂ ನೀನೇ ಓದು. ನಮ್ಮ ಬೀದಿಯ ಶಿವಪ್ರಕಾಶ್ ಅಂಕಲ್ ಗುರುವಾರ ಮೈಸೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ನರಸೀಪುರಕ್ಕೆ ತಾವೇ ಬಂದು ಕೊಡುತ್ತೇನೆ ಎಂದಿದ್ದಾರೆ. ಬಂದರೆ ಕಾಫಿ ಕೊಟ್ಟು ಕಳಿಸು. ಸಕ್ಕರೆ ಹಾಕಬೇಡ, ಅವರಿಗೆ ಶುಗರ್ ಇದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು "ಊಟ ಆಯ್ತಾ" ಎನ್ನುತ್ತೇನೆ, ನೀನು "ಸರಿ ಬುಡು" ಎನ್ನುತ್ತೀಯ, ಮಾತು ಅಲ್ಲಿಗೆ ಮುಗಿಯುತ್ತದೆ. ಈ ಮಾತು ಹಾಗೆ ಮುಗಿಯಬಾರದು.

ದೇವಮ್ಮತ್ತೆ ಗುರುವಾರ ಫೋನ್ ಮಾಡಿದ್ದರು. ನೀನು ಈ ಸಲ ಪಕ್ಷ ಮಾಡುವುದಿಲ್ಲ, ಅಪ್ಪನಿಗೆ ಎಡೆ ಇಡುವುದಿಲ್ಲ ಎಂದೆಯಂತೆ. ತೀರಿಕೊಂಡ ಮೇಲೆ ಬರುತ್ತಿರುವ ಮೊದಲ ಹಿರಿಯರ ಹಬ್ಬ ಇದು. ನನಗೆ ಅಣ್ಣನಿಲ್ಲ, ತಮ್ಮನಿಲ್ಲ. ಅತ್ತೆ ಅಪ್ಪನ ತಂಗಿಯಾದರೂ ಬೇರೆ ಮನೆಗೆ ಕೊಟ್ಟ ಹೆಣ್ಣು, ನಾನೂ ಹಾಗೆಯೇ. ನಾವಿಬ್ಬರೂ ನಮ್ಮ ಮನೆಯ ಎಡೆ ಇಡುವ ಹಾಗಿಲ್ಲ. ನೀನು ಇಡದಿದ್ದರೆ ಇಡುವವರೇ ಇಲ್ಲ. ಅಮಾವಾಸ್ಯೆಯ ದಿನ ಬೀದಿಯ ಎಲ್ಲ ಮನೆಗಳಿಗೂ ಅವರವರ ಹಿರಿಯರು ಬಂದು ಉಂಡು ಹೋಗುವಾಗ ಅಪ್ಪ ನಮ್ಮ ಬಾಗಿಲಲ್ಲಿ ನಿಂತು ಹಾಗೇ ಹಿಂದಿರುಗಬೇಕು. ಇದನ್ನೆಲ್ಲ ನಾನು ನಂಬುತ್ತೇನೋ ಇಲ್ಲವೋ, ನನಗೇ ಗೊತ್ತಿಲ್ಲ. ನೀನು ನಂಬುತ್ತೀಯ. ನಂಬಿಯೂ ಇಡುವುದಿಲ್ಲ ಎಂದೆಯಲ್ಲ, ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲಾಗುತ್ತಿಲ್ಲ.

ಯಾಕೆ ಹಾಗೆಂದೆ ಎನ್ನುವುದೂ ನನಗೆ ಗೊತ್ತಾಯಿತು. ಎಲ್ಲ ನಾನು ಕೊಟ್ಟ ಒಂದು ಉತ್ತರದಿಂದ.

ಗೌರಿ ಹಬ್ಬದ ದಿನ ಫೋನಿನಲ್ಲಿ ನೀನು, ಎಡೆಗೆ ಏನೇನು ಮಾಡಲಿ, ನಿಮ್ಮಪ್ಪ ಅಲ್ಲಿ ಇಷ್ಟಪಟ್ಟು ಏನು ತಿಂತಿದ್ರು ಎಂದು ಕೇಳಿದೆ. ಮೀನು ಎಂದು ನಾನು ಹೇಳಿದೆ. ನಿನ್ನ ಮನೇಲಿ ಮೀನು ಮಾಡಲ್ವಲ್ಲ ಎಂದು ನೀನು. ಹೋಟೆಲಿನಲ್ಲಿ ಎಂದು ನಾನು. ಆಮೇಲೆ ನೀನು "ತಟ್ಟೇಲಿ ಏನಾರ ಬುಡ್ತಿದ್ರಾ?" ಎಂದು ಕೇಳಿದೆ. ನಾನು ಹಿಂದೆ ಮುಂದೆ ನೋಡದೆ, "ಇಲ್ಲ ಅವ್ವ, ತಟ್ಟೆ ಬಳ್ಕೊಂಡು ತಿಂತಿದ್ರು, ಒಂದಗುಳೂ ಬಿಡ್ತಿರಲಿಲ್ಲ" ಎಂದುಬಿಟ್ಟೆ. "ಸರಿ ಬುಡು" ಎಂದು ನೀನು ಫೋನ್ ಇಟ್ಟೆ.

ಯಾವ ಮಗಳಾದರೂ ಅದನ್ನೇ ಹೇಳುತ್ತಾಳೆ. ಅಪ್ಪ ಹೊಟ್ಟೆ ತುಂಬ ಉಣ್ಣುತ್ತಿದ್ದರಾ, ಮಗಳು ಚೆನ್ನಾಗಿ ನೋಡಿಕೊಂಡಳಾ ಎಂದು ನೀನು ಕೇಳುತ್ತಿದ್ದೀಯ ಎಂದುಕೊಂಡೆ. ನಿನಗೆ ಸಮಾಧಾನವಾಗಲಿ ಎಂದು ಹಾಗೆ ಹೇಳಿದೆ. ಅದು ನಿಜವಲ್ಲ ಅವ್ವ. ಅಪ್ಪ ಬಿಡುತ್ತಿದ್ದರು. ಪ್ರತಿ ಸಲವೂ ಬಿಡುತ್ತಿದ್ದರು. ನೀನು ಇಷ್ಟನ್ನೇ ಓದಿ ಕಾಗದ ಮಡಿಸಿಟ್ಟರೂ ನನಗೆ ಬೇಸರವಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ.

ಅದಕ್ಕೆ ಮೊದಲು ನಮ್ಮ ಯೋಗಕ್ಷೇಮ. ನಿನ್ನ ಅಳಿಯ ದರ್ಶನ್ ಚೆನ್ನಾಗಿದ್ದಾರೆ. ಬಾಸ್ಕಿಂಗ್ ರಿಡ್ಜ್‌ನ ಆಫೀಸಿಗೆ ಈಗ ಹೆಚ್ಚು ದಿನ ಹೋಗಬೇಕಂತೆ, ಗೊಣಗುತ್ತಾ ಡ್ರೈವ್ ಮಾಡಿಕೊಂಡು ಹೋಗುತ್ತಾರೆ. ಶ್ರಿಯಾ ಕಿಂಡರ್‌ಗಾರ್ಟನ್‌ಗೆ ಸೇರಿದಳು. ಹಳದಿ ಬಸ್ಸು ಹತ್ತುವಾಗ ಹಿಂದಿರುಗಿಯೂ ನೋಡುವುದಿಲ್ಲ. ನಾನೂ ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ, ಏನೂ ಅನ್ನಿಸುವುದಿಲ್ಲ. ಫೆಬ್ರವರಿಯಲ್ಲಿ ಆಸ್ಪತ್ರೆಯ ಡಾಕ್ಟರ್ ಹೊರಗೆ ಬಂದು ಅಪ್ಪನ ಹಾರ್ಟು ನಿಂತಿತು ಎಂದು ಹೇಳುವಾಗ ನಾನು ಪಾರ್ಕಿಂಗ್ ಚೀಟಿ ಎಲ್ಲಿಟ್ಟೆ ಎಂದು ಪರ್ಸಿನಲ್ಲಿ ಹುಡುಕುತ್ತಿದ್ದೆ. ಸಂಗಮದಲ್ಲಿ ಅಸ್ಥಿ ಬಿಡುವಾಗ ನೀನು ಅಳುತ್ತಿದ್ದೆ, ನಾನು ಈ ವರ್ಷ ನೀರು ಎಷ್ಟು ಕೆಳಗಿಳಿದಿದೆ ಎಂದು ನೋಡುತ್ತಿದ್ದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನಾಲಿಗೆಗಿಟ್ಟರೂ ತಿಳಿಯುವುದಿಲ್ಲ, ಸೌಟಿನಲ್ಲಿ ದರ್ಶನ್‌ಗೆ ಕೊಟ್ಟು ಕೇಳುತ್ತೇನೆ. ಹಲ್ಲಿನ ಡಾಕ್ಟರ್ ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇರುತ್ತದಲ್ಲ, ಕಚ್ಚಿಕೊಂಡರೂ ಗೊತ್ತಾಗದ ಹಾಗೆ, ಅಷ್ಟೇ. ನೋವೇನೂ ಇಲ್ಲ. ನೀನು ಚಿಂತೆ ಮಾಡಬೇಡ.

ಈಗ ಆ ಹೋಟೆಲಿನ ವಿಷಯ. ಇದನ್ನು ಅಪ್ಪ ನಿನಗೆ ಹೇಳಬಾರದು ಎಂದಿದ್ದರು. "ಹಸಿ ಮೀನು ಅಂದ್ರೆ ನಿಮ್ಮವ್ವ ಫೋನಲ್ಲೇ ವಾಂತಿ ಮಾಡ್ಕತಾಳೆ" ಎಂದು ನಗುತ್ತಿದ್ದರು. ಭಾನುವಾರ ನಾವು ಸಮುದ್ರ ನೋಡಲು ಹೋಗಿದ್ದೆವು ಎಂದು ನಾನು ಹೇಳುತ್ತಿದ್ದೆನಲ್ಲ, ಅದು ಸುಳ್ಳಲ್ಲ. ಆದರೆ ಅಪ್ಪ ಅಲ್ಲಿ ಸಮುದ್ರದ ಕಡೆ ಒಮ್ಮೆ ಕಣ್ಣು ಹಾಯಿಸಿ ಊಟದ ಕಡೆ ತಿರುಗಿಬಿಡುತ್ತಿದ್ದರು.

ಅಪ್ಪ ಇಲ್ಲಿಗೆ ಬಂದದ್ದು ಆರು ತಿಂಗಳಿಗೆಂದು, ಶ್ರಿಯಾಳನ್ನು ನೋಡಲು. ಬೆನ್ನಿಗೇ ಕೊರೊನಾ ಬಂತು, ವಿಮಾನಗಳು ನಿಂತವು. ನಿಮ್ಮಿಬ್ಬರಿಗೂ ಒಳ್ಳೆಯ ನೆಪ ಸಿಕ್ಕಿತು. ವಿಮಾನ ಮತ್ತೆ ಹಾರತೊಡಗಿದ ಮೇಲೂ ಟಿಕೆಟ್ ಮಾತನ್ನು ಅಪ್ಪ ಎತ್ತಲಿಲ್ಲ, ನೀನೂ ಎತ್ತಲಿಲ್ಲ. ಇಲ್ಲಿ ಯಾರಾದರೂ ಕೇಳಿದರೆ, ಮಗು ನೋಡಿಕೊಳ್ಳಲು ಇದ್ದಾರೆ ಎಂದು ನಾನು ಹೇಳುತ್ತಿದ್ದೆ. ಅಲ್ಲಿ ಯಾರಾದರೂ ಕೇಳಿದರೆ, ಗ್ರೀನ್ ಕಾರ್ಡಂತೆ, ಬರೋ ಹಂಗಿಲ್ಲವಂತೆ ಎಂದು ನೀನು ಹೇಳುತ್ತಿದ್ದೆಯಂತೆ. ಮೂವರೂ ಚೆನ್ನಾಗಿ ನಿಭಾಯಿಸಿದೆವು. ಕೆಇಬಿಯಲ್ಲಿ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದ ಮನುಷ್ಯ ಎಡಿಸನ್ನಿನ ಬೀದಿಯಲ್ಲಿ ತಲೆ ಎತ್ತಿಕೊಂಡೇ ವಾಕಿಂಗ್ ಹೋಗುತ್ತಿದ್ದರು. "ಇಷ್ಟು ದೊಡ್ ದೇಸ, ಇನ್ನೂವೆ ಮರದ ಕಂಬ ನಿಲ್ಸವ್ರಲ್ಲ" ಎಂದು ಸಿಕ್ಕಿದ ಇಂಡಿಯನ್ನರಿಗೆಲ್ಲ ತೋರಿಸುತ್ತಿದ್ದರು. ಗಾಳಿಗೆ ಕರೆಂಟು ಹೋದ ದಿನವಂತೂ ಅವರ ಮುಖ ನೋಡಬೇಕಿತ್ತು. ಹಬ್ಬ.

ಮೀನಿಗೆ ಮಾತ್ರ ಒದ್ದಾಡುತ್ತಿದ್ದರು. ದರ್ಶನ್‌ಗೆ ಮನೆಯೊಳಗೆ ಮೀನಿನ ವಾಸನೆ ಆಗುವುದಿಲ್ಲ. ಚಳಿಗಾಲದಲ್ಲಿ ಕಿಟಕಿ ತೆಗೆಯುವ ಹಾಗೂ ಇಲ್ಲ. ಅಪ್ಪ ಏನೂ ಕೇಳುತ್ತಿರಲಿಲ್ಲ, ಸೊಪ್ಪಿನ ಸಾರನ್ನು ನೋಡಿ "ಒಳ್ಳೇದು" ಎನ್ನುತ್ತಿದ್ದರು. ಆ "ಒಳ್ಳೇದು" ಕೇಳಿ ಕೇಳಿ ಒಂದು ಭಾನುವಾರ ಅವರನ್ನೂ ಶ್ರಿಯಾಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಪಾಯಿಂಟ್ ಪ್ಲೆಸೆಂಟ್‌ಗೆ ಹೋದೆ. ಬೇಸಿಗೆಯಲ್ಲಿ ಜಾತ್ರೆಯಂತೆ ಜನ ಸೇರುವ ಜಾಗ. ನಾವು ಹೋದಾಗ ಚಳಿ, ಆಟದ ಅಂಗಡಿಗಳೆಲ್ಲ ಮುಚ್ಚಿದ್ದವು. ಮೀನಿನ ದೋಣಿಗಳು ನಿಲ್ಲುವ ಕಡೆ ಮಾತ್ರ ಸದ್ದು. ಅದರ ಪಕ್ಕದಲ್ಲೇ ಒಂದು ಚಿಕ್ಕ ಜಪಾನಿ ಹೋಟೆಲು. ಅಪ್ಪನ ವಯಸ್ಸಿನ ಒಬ್ಬ ಹೆಂಗಸು, ಮಿಸೆಸ್ ಓನೊ, ಅದನ್ನು ನಡೆಸುತ್ತಾರೆ.

ಅಲ್ಲಿ ಒಂದೇ ಊಟ ಹೆಸರುವಾಸಿ. ಹೊರಗೆ ಕಪ್ಪು, ಒಳಗೆ ಕೆಂಪು ಬಣ್ಣದ ಬಟ್ಟಲು. ಅದರಲ್ಲಿ ಉಗುರುಬೆಚ್ಚಗಿನ ಅನ್ನ, ಚೂರು ಹುಳಿ ಹಾಕಿ ಕಲಸಿದ್ದು. ಅದರ ಮೇಲೆ ಅವತ್ತು ಬಂದ ಮೀನನ್ನು ತೆಳ್ಳಗೆ ಕೊಯ್ದು ಜೋಡಿಸಿರುತ್ತಾರೆ: ಕೆಂಪಗೆ ಟ್ಯೂನಾ, ಬೆಳ್ಳಗೆ ಸ್ಕಾಲಪ್ ಎಂಬ ಚಿಪ್ಪಿನ ಮಾಂಸ, ಕಿತ್ತಳೆ ಬಣ್ಣದ ಮೀನಿನ ಮೊಟ್ಟೆ. ಯಾವುದೂ ಬೆಂದಿರುವುದಿಲ್ಲ. ಬಟ್ಟಲು ಮುಂದೆ ಬಂದಾಗ ಅಪ್ಪ ಅದನ್ನೇ ನೋಡುತ್ತಾ ಕೂತು "ಪಾಪ, ಗ್ಯಾಸ್ ಮುಗ್ದೋಗಿರ್ಬೇಕು" ಎಂದರು. ಏನೆಂದರು ಎಂದು ಮಿಸೆಸ್ ಓನೊ ಕೇಳಿದರು. ನೋಡಲು ತುಂಬ ಚೆನ್ನಾಗಿದೆಯಂತೆ ಎಂದು ನಾನು ಹೇಳಿದೆ. ಅಪ್ಪ ಚಾಪ್‌ಸ್ಟಿಕ್ ಎರಡನ್ನೂ ಪಕ್ಕಕ್ಕಿಟ್ಟು ಕೈಯಲ್ಲಿ ಒಂದು ತುಂಡನ್ನು ಅನ್ನದ ಜೊತೆ ಬಾಯಿಗಿಟ್ಟರು. ನಾನು ಉಗುಳುತ್ತಾರೇನೋ ಎಂದು ಕಾಗದದ ಕರವಸ್ತ್ರ ಹಿಡಿದುಕೊಂಡೇ ಇದ್ದೆ. ಉಗುಳಲಿಲ್ಲ. ಇನ್ನೊಂದು ಇಟ್ಟರು. ಮೊಟ್ಟೆ ಬಾಯಲ್ಲಿ ಒಡೆದಾಗ, ಊರಲ್ಲಿ ಅಜ್ಜಿ ಮೀನಿನ ಮೊಟ್ಟೆ ಹುರಿದು ಗಂಡು ಮಕ್ಕಳಿಗೆ ಮಾತ್ರ ಕೊಡುತ್ತಿದ್ದದ್ದನ್ನು ಹೇಳಿದರು. ಸ್ಕಾಲಪ್ ತಿಂದು "ಎಳನೀರಿನ ಗಂಜಿ ಇದ್ದಂಗದೆ" ಎಂದರು. ಕೊನೆಗೆ ಒಂದೇ ಒಂದು ತೆಳು ಗುಲಾಬಿ ತುಂಡು ಉಳಿದಿತ್ತು. ಅದು ಟ್ಯೂನಾದ ಹೊಟ್ಟೆಯ ಭಾಗ, ಬಟ್ಟಲಿಗೆ ಒಂದೇ ಇಡುವುದು ಎಂದು ಮಿಸೆಸ್ ಓನೊ ಹೇಳಿದರು. ಅದನ್ನು ತಿಂದು ಅಪ್ಪ ಕಣ್ಣು ಮುಚ್ಚಿಕೊಂಡರು.

ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಬೆಳಗ್ಗೆಯೇ ಷೇವ್ ಮಾಡಿಕೊಂಡು, ಬಿಳಿ ಷರ್ಟು ಹಾಕಿಕೊಂಡು, ತಿಂಡಿ ಬೇಡ ಎಂದು ಕೂತುಬಿಡುತ್ತಿದ್ದರು. ಪ್ರತಿ ವಾರ ಆಗುತ್ತಿರಲಿಲ್ಲ, ಆದರೂ ಆಗಾಗ ಹೋದೆವು. ಮಿಸೆಸ್ ಓನೊ ಕೇಳದೆಯೇ ಅವರಿಗೆ ಕೈ ತೊಳೆಯಲು ಬಟ್ಟಲಲ್ಲಿ ಬಿಸಿನೀರು ತಂದಿಡುತ್ತಿದ್ದರು. ಅವರು ಜಪಾನಿಯಲ್ಲಿ ಏನೋ ಹೇಳುವುದು, ಅಪ್ಪ ಕನ್ನಡದಲ್ಲಿ ಏನೋ ಹೇಳುವುದು, ಇಬ್ಬರೂ ತಲೆಯಾಡಿಸುವುದು. ನಾಲ್ಕು ವರ್ಷದಲ್ಲಿ ಅಪ್ಪ ಅಲ್ಲಿ ಉಂಡಷ್ಟು ಸಂತೋಷವಾಗಿ ಎಲ್ಲಿಯೂ ಉಣ್ಣಲಿಲ್ಲ.

ಬಿಡಲು ಶುರು ಮಾಡಿದ್ದು ಎರಡನೇ ಸಲದಿಂದ. ಎಲ್ಲ ತಿಂದು ಬಟ್ಟಲಿನ ಒಂದು ಮೂಲೆಗೆ ಒಂದು ಹಿಡಿ ಅನ್ನ ಒತ್ತಿ ಬಿಡುತ್ತಿದ್ದರು. ನಾನು ಅನ್ನ ಹೆಚ್ಚಾಯಿತೇನೋ ಎಂದುಕೊಂಡೆ. ಒಂದು ದಿನ ಬಟ್ಟಲು ಎತ್ತುವಾಗ ಆ ಅನ್ನ ಜಾರಿ ಅಡಿಯಲ್ಲಿ ಗುಲಾಬಿ ತುಂಡು ಕಂಡಿತು. ಅದೇ ಹೊಟ್ಟೆ ಭಾಗ. ಹಿಡಿಸುತ್ತಿಲ್ಲ, ಮಿಸೆಸ್ ಓನೊ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಮುಚ್ಚಿಡುತ್ತಿದ್ದಾರೆ ಎಂದು ನಾನು ತಿಳಿದೆ. ಅಪ್ಪನನ್ನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಯಾರು ಯಾರನ್ನು ಕೇಳುತ್ತಾರೆ, ಹೇಳು. ಒಳಗೆ ಹೋಗಿ, ಮುಂದಿನ ಸಲದಿಂದ ನಮ್ಮ ತಂದೆಗೆ ಆ ತುಂಡು ಇಡಬೇಡಿ, ಬದಲಿಗೆ ಸ್ಕಾಲಪ್ ಒಂದು ಹೆಚ್ಚು ಹಾಕಿ ಎಂದು ಮೆಲ್ಲಗೆ ಹೇಳಿಬಂದೆ. ಬಹಳ ಜಾಣತನದ ಕೆಲಸ ಮಾಡಿದೆ ಎಂದುಕೊಂಡಿದ್ದೆ.

ಮುಂದಿನ ಸಲ ಬಟ್ಟಲು ಬಂದಾಗ ಅಪ್ಪ ಬೆರಳಲ್ಲಿ ಮೀನನ್ನು ಅತ್ತಿತ್ತ ಸರಿಸಿ ನೋಡಿದರು. ಏನನ್ನೋ ಹುಡುಕಿದರು. ಆಮೇಲೆ ಸುಮ್ಮನೆ ಉಂಡರು. ಕೊನೆಗೆ ಮತ್ತೆ ಮೂಲೆಯಲ್ಲಿ ಹಿಡಿ ಅನ್ನ. ನಾನು ಚಮಚದಲ್ಲಿ ಎತ್ತಿ ನೋಡಿದರೆ, ಅಡಿಯಲ್ಲಿ ಸ್ಕಾಲಪ್. ಎಳನೀರಿನ ಗಂಜಿ ಎಂದು ಚಪ್ಪರಿಸುತ್ತಿದ್ದದ್ದನ್ನೇ ಬಿಟ್ಟಿದ್ದರು. ನನಗೆ ಕೋಪವೇ ಬಂತು. ವಯಸ್ಸಾಯಿತು, ಹೊಟ್ಟೆಗೆ ಹಿಡಿಯುತ್ತಿಲ್ಲ ಎಂದುಕೊಂಡು ಚಿಕ್ಕ ಬಟ್ಟಲು ತರಿಸಿದೆ. ಚಿಕ್ಕ ಬಟ್ಟಲಿನಲ್ಲೂ ಬಿಟ್ಟರು.

ಇನ್ನೊಂದು ಅಭ್ಯಾಸ. ಉಂಡಾದ ಮೇಲೆ ತಕ್ಷಣ ಕೈ ತೊಳೆಯುತ್ತಿರಲಿಲ್ಲ, ಬಟ್ಟಲನ್ನು ತೆಗೆಯಲೂ ಬಿಡುತ್ತಿರಲಿಲ್ಲ. ಎಂಜಲು ಕೈ ಒಣಗಿಸಿಕೊಂಡು ಬಟ್ಟಲ ಮುಂದೆ ಹಾಗೇ ಕೂತಿರುತ್ತಿದ್ದರು. ಶ್ರಿಯಾ ಪಕ್ಕದಲ್ಲಿ ಕಾಲು ಆಡಿಸುತ್ತಾ ಕೂತಿರುತ್ತಿದ್ದಳು. ಬಿಸಿನೀರು ಆರಿಹೋಗುತ್ತಿತ್ತು. ಪಾರ್ಕ್‌ವೇನಲ್ಲಿ ಟ್ರಾಫಿಕ್ ಆಗುತ್ತದೆ, ಏಳಿ ಅಪ್ಪ ಎಂದು ನಾನು ಕಾರಿನ ಕೀ ಅಲ್ಲಾಡಿಸುತ್ತಿದ್ದೆ. "ತಡಿ" ಎನ್ನುತ್ತಿದ್ದರು. ಅಷ್ಟೇ.

ಇದನ್ನೆಲ್ಲ ಗುರುವಾರ ದೇವಮ್ಮತ್ತೆಗೆ ಹೇಳಿದೆ. ಅತ್ತೆ ಫೋನಿನಲ್ಲೇ ಅಳಲು ಶುರು ಮಾಡಿದರು. "ನಿಮ್ಮವ್ವ ಕೇಳಿದ್ದು ಹೊಟ್ಟೆ ತುಂಬ್ತಾ ಅಂತ ಅಲ್ಲ ಕಣವ್ವ" ಎಂದರು. ಆಮೇಲೆ ನಿನ್ನ ಮದುವೆಯ ಹೊಸದರ ಕಥೆ ಹೇಳಿದರು. ನೀನು ನನಗೆ ಯಾವತ್ತೂ ಹೇಳದ ಕಥೆ. ಅತ್ತೆಯ ಮೇಲೆ ಸಿಟ್ಟಾಗಬೇಡ.

ಆಗ ದೊಡ್ಡ ಮನೆಯಲ್ಲಿ ಗಂಡಸರು ಉಂಡು, ಮಕ್ಕಳು ಉಂಡು, ಅಜ್ಜಿ ಉಂಡು, ಸೊಸೆಯರು ಕೊನೆಯಲ್ಲಿ ತಮ್ಮ ತಮ್ಮ ಗಂಡನ ತಟ್ಟೆಯಲ್ಲೇ ಉಣ್ಣಬೇಕಿತ್ತಂತೆ. ಅಷ್ಟು ಹೊತ್ತಿಗೆ ಮೀನಿನ ಸಾರಿನಲ್ಲಿ ಮೀನೇ ಇರುತ್ತಿರಲಿಲ್ಲವಂತೆ. ಅಪ್ಪ ತಮ್ಮ ಪಾಲಿಗೆ ಬಂದ ಹೊಟ್ಟೆ ತುಂಡನ್ನು, ಅಜ್ಜಿಯ ಕಣ್ಣಿಗೆ ಬೀಳದ ಹಾಗೆ ಅನ್ನದಡಿ ಹುದುಗಿಸಿ, "ಸಾಕು, ಸೇರ್ತಾ ಇಲ್ಲ" ಎಂದು ಏಳುತ್ತಿದ್ದರಂತೆ. ಮಗ ಸರಿಯಾಗಿ ಉಣ್ಣುತ್ತಿಲ್ಲ ಎಂದು ಅಜ್ಜಿ ದೇವರಿಗೆ ಹರಕೆ ಹೊತ್ತರಂತೆ. ನೀನು ಅದೇ ತಟ್ಟೆಗೆ ಕೂತು, ಅನ್ನ ಸರಿಸಿ, ಮುಳ್ಳು ಬಿಡಿಸಿ ಬಿಡಿಸಿ ತಿನ್ನುತ್ತಿದ್ದೆಯಂತೆ. "ಕೋಳಿ ಕೂಗೋಗಂಟ ಉಣ್ತಾಳೆ" ಎಂದು ಅಜ್ಜಿ ಬೈಯುತ್ತಿದ್ದದ್ದನ್ನು ಅತ್ತೆ ಹಾಗೆಯೇ ಹೇಳಿ ತೋರಿಸಿದರು. ಆಮೇಲೆ ನಾವು ಕ್ವಾರ್ಟರ್ಸಿಗೆ ಬಂದೆವು, ಮೀನಿಗೇನೂ ಕೊರತೆಯಿರಲಿಲ್ಲ, ಆದರೂ ಆ ತುಂಡು ತಪ್ಪಲಿಲ್ಲ. ನಾನು ಇದರ ಮುಂದೆಯೇ ಬೆಳೆದವಳು. ನನಗೆ ಕಂಡದ್ದು ನೀನು ಎಂಜಲು ತಟ್ಟೆಯಲ್ಲಿ ಉಣ್ಣುತ್ತೀಯ ಎಂಬುದು ಮಾತ್ರ. ಕಾಲೇಜು ಸೇರಿದ ವರ್ಷ, ನಿನಗೇನು ತಟ್ಟೆಗೆ ಬರವಾ ಎಂದು ನಿನ್ನ ಜೊತೆ ಜಗಳ ಆಡಿದ್ದೆ. ನೀನು ನಕ್ಕುಬಿಟ್ಟಿದ್ದೆ. ಆ ನಗು ನನಗೆ ಆಗ ಅರ್ಥವಾಗಲಿಲ್ಲ.

ನಲ್ಲಿಯ ವಿಷಯವನ್ನೂ ಅತ್ತೆ ಹೇಳಿದರು. ಶ್ರಿಯಾ ದಿನ ತುಂಬದೆ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ನೀನು ನಂಜನಗೂಡಿಗೆ ಹೋಗಿ ಮೀನು ಮಾಂಸ ಬಿಡುತ್ತೇನೆ ಎಂದು ಹರಕೆ ಹೊತ್ತೆ. ಮಗು ಮನೆಗೆ ಬಂತು, ಎಲ್ಲರಿಗೂ ಸಂತೋಷ, ಅಪ್ಪನಿಗೂ. ಆ ಮೇಲೆ ಒಂದು ದಿನ ಅತ್ತೆ ಮೀನಿನ ಸಾರು ತಂದುಕೊಟ್ಟರು. ಅಪ್ಪ ಉಂಡು, ಅಭ್ಯಾಸಬಲದಿಂದ ಅನ್ನದಡಿ ತುಂಡು ಬಿಟ್ಟು ಎದ್ದರು. ನೀನು ಆ ತಟ್ಟೆಯನ್ನು ಸೀದಾ ನಲ್ಲಿಗೆ ಹಿಡಿದೆ. ನಿನಗೆ ಬೇರೆ ದಾರಿ ಇರಲಿಲ್ಲ, ದೇವರಿಗೆ ಕೊಟ್ಟ ಮಾತು. ಅಪ್ಪನಿಗೂ ಅದು ಗೊತ್ತಿತ್ತು. ಆದರೂ ಬಾಗಿಲಲ್ಲಿ ನಿಂತು ನೋಡಿದರಂತೆ. ಅವತ್ತಿನಿಂದ ನೀನು ಬೇರೆ ತಟ್ಟೆ ಇಟ್ಟುಕೊಂಡೆ. ಅವರು ಏನೂ ಕೇಳಲಿಲ್ಲ, ನೀನು ಏನೂ ಹೇಳಲಿಲ್ಲ. ವಿಮಾನ ಹತ್ತುವ ಮೊದಲು ಅಪ್ಪ ಅತ್ತೆಯ ಹತ್ತಿರ "ನನ್ ತಟ್ಟೆ ಎಲ್ಲಿ ತೊಳುದ್ರೇನು ಬುಡು" ಎಂದರಂತೆ.

ನನ್ನ ಮಗುವಿಗೆ ಉಸಿರು ಬೇಡಿಕೊಂಡು ನೀನು ಬಿಟ್ಟುಕೊಟ್ಟದ್ದು ಬರಿ ಮೀನಲ್ಲ ಎಂದು ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು. ಮುಂದೆ ಬರೆಯುತ್ತೇನೆ.

ಇವತ್ತು ಮಧ್ಯಾಹ್ನ ಪಾಯಿಂಟ್ ಪ್ಲೆಸೆಂಟ್‌ಗೆ ಹೋಗಿಬಂದೆ. ಫೆಬ್ರವರಿಯ ನಂತರ ಇದೇ ಮೊದಲು. ದರ್ಶನ್ ತಾವೂ ಬರುತ್ತೇನೆ ಎಂದರು, ಬೇಡ ಎಂದು ಶ್ರಿಯಾಳನ್ನು ಮಾತ್ರ ಕರೆದುಕೊಂಡು ಹೋದೆ. ಮಿಸೆಸ್ ಓನೊ ನಮ್ಮನ್ನು ನೋಡಿ ನಕ್ಕು, ನಮ್ಮ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದರು. ನಾನು ಹೇಳಿದೆ. ಅವರು ಸೊಂಟ ಬಗ್ಗಿಸಿ, ಹಾಗೇ ಸ್ವಲ್ಪ ಹೊತ್ತು ನಿಂತು, ಒಳಗೆ ಹೋದರು. ನಾನು ಅಪ್ಪನ ಬಟ್ಟಲನ್ನೇ ಕೇಳಿದ್ದೆ, ನಾನು ಬೇಡವೆಂದಿದ್ದ ತುಂಡನ್ನೂ ಸೇರಿಸಿ. ಬಟ್ಟಲಿನ ಜೊತೆ ಬಿಸಿನೀರೂ ಬಂತು.

ಕೈಯಲ್ಲೇ ಉಂಡೆ. ಮೊದಲ ತುತ್ತು ಎಂದಿನಂತೆ ಏನೂ ಇಲ್ಲ, ತಣ್ಣಗೆ, ಮೆತ್ತಗೆ. ಎರಡನೆಯದೂ ಹಾಗೇ. ಅಳು ಬರಬಹುದು ಎಂದು ಕಾದೆ, ಬರಲಿಲ್ಲ. ಮೀನಿನ ಮೊಟ್ಟೆ ಹಲ್ಲಿಗೆ ಸಿಕ್ಕಿ ಒಡೆಯಿತು, ಉಪ್ಪು ಗೊತ್ತಾಯಿತು. ಉಪ್ಪು ಗೊತ್ತಾಗಿ ಎಷ್ಟು ತಿಂಗಳಾಗಿತ್ತು ಅವ್ವ. ಆಮೇಲೆ ಅನ್ನದ ಹುಳಿ ಗೊತ್ತಾಯಿತು, ಸ್ಕಾಲಪ್ಪಿನ ಸಿಹಿ ಗೊತ್ತಾಯಿತು. ಅಳು ಬರುವ ಬದಲು ನನಗೆ ಹಸಿವಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಊಟ ತುಂಬ ಚೆನ್ನಾಗಿತ್ತು. ಆತುರ ಆತುರವಾಗಿ ಉಂಡೆ. ಕೊನೆಗೆ ಹೊಟ್ಟೆ ಭಾಗದ ಆ ತುಂಡು ಉಳಿಯಿತು. ಅದನ್ನು ಅನ್ನದಡಿ ಬಿಟ್ಟು ಬರೋಣವೆಂದೇ ಹೋಗಿದ್ದೆ. ಆದರೆ ಅಪ್ಪ ಏನನ್ನು ಬಿಡುತ್ತಿದ್ದರು ಎಂದು ನನಗೆ ತಿಳಿಯಬೇಕಿತ್ತು, ತಿಂದುಬಿಟ್ಟೆ. ಬೆಣ್ಣೆ ಅವ್ವ. ನಾಲಿಗೆಯ ಮೇಲೆ ಇಟ್ಟರೆ ಸಾಕು, ಇರುವುದಿಲ್ಲ. ಅದನ್ನು ಒಮ್ಮೆ ರುಚಿ ನೋಡಿದ ಮೇಲೆ ಮತ್ತೆ ಮತ್ತೆ ಮುಂದಿಟ್ಟುಕೊಂಡು ತಿನ್ನದೆ ಏಳಲು ನನ್ನಿಂದ ಆಗದು.

ವಾಪಸ್ ಬರುವಾಗ ಪಾರ್ಕ್‌ವೇನಲ್ಲಿ ಟ್ರಾಫಿಕ್ ಇತ್ತು. ಮನೆಗೆ ಬಂದು ಕೈಕಾಲು ತೊಳೆದು ಈ ಕಾಗದಕ್ಕೆ ಕೂತೆ.

ಈಗ ನನ್ನ ಬೇಡಿಕೆ. ಎಡೆ ಇಡು ಅವ್ವ. ಹರಕೆ ಮುರಿ ಎಂದು ನಾನು ಹೇಳುತ್ತಿಲ್ಲ, ನಂಜುಂಡೇಶ್ವರನಿಗೆ ನಾನೂ ಸಾಲಗಾರಳೇ. ನೀನು ಮೀನು ಮುಟ್ಟಿ ಅಡುಗೆ ಮಾಡುವುದೂ ಬೇಡ, ಅತ್ತೆ ಕಾಟ್ಲಾ ತಂದು ಬೇಯಿಸಿಕೊಡುತ್ತಾರೆ, ಕೇಳಿದ್ದೇನೆ. ಹಸಿಯದನ್ನು ಇಡಬೇಡ, ಬೀದಿಯವರು ಹೆದರಿಕೊಳ್ಳುತ್ತಾರೆ. ಎಲೆಗೆ ಮಾತ್ರ ನೀನೇ ಬಡಿಸು. ಹೊಟ್ಟೆ ತುಂಡನ್ನು ಮೇಲೆ ಇಡಬೇಡ, ಅನ್ನದಡಿ ಇಡು. ಹಿರಿಯರು ಉಣ್ಣಲಿ ಎಂದು ಬಾಗಿಲು ಮುಚ್ಚುತ್ತೀರಲ್ಲ, ತೆಗೆದ ಮೇಲೆ ಆ ಎಲೆಯನ್ನು ತಕ್ಷಣ ಎತ್ತಬೇಡ, ನಲ್ಲಿಯ ಕಡೆಗೂ ಒಯ್ಯಬೇಡ. ನೀನು ತಿನ್ನಬೇಕಾಗಿಲ್ಲ. ಅದರ ಮುಂದೆ ಸ್ವಲ್ಪ ಹೊತ್ತು ಕೂತಿರು, ಸಾಕು.

ಅಪ್ಪನ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಆಣೆ ಮಾಡಿ ಹೇಳಲಾರೆ. ಅವರು ನಿನ್ನ ಹೆಸರು ಎತ್ತುತ್ತಿರಲಿಲ್ಲ, ಅದು ನಿಜ. ಫೋನ್ ಕೊಟ್ಟರೆ "ನೀನೇ ಮಾತಾಡು" ಎಂದು ವಾಕಿಂಗಿಗೆ ಹೊರಟುಬಿಡುತ್ತಿದ್ದರು, ಅದೂ ನಿಜ. ಬರಿ ಅಭ್ಯಾಸವೇ ಇರಬಹುದು ಎಂದು ನೀನು ಅನ್ನಬಹುದು. ನನಗೆ ಗೊತ್ತಿರುವುದು ನಾನು ಕಣ್ಣಾರೆ ನೋಡಿದ್ದು ಮಾತ್ರ: ಒಂದನ್ನು ತೆಗೆಸಿದರೆ ಇನ್ನೊಂದನ್ನು ಬಿಟ್ಟರು, ಬಟ್ಟಲು ಚಿಕ್ಕದಾದರೂ ಬಿಟ್ಟರು. ಮಿಕ್ಕದ್ದು ನಿನಗೆ ಬಿಟ್ಟದ್ದು.

ಮಂಡಿನೋವಿನ ಎಣ್ಣೆ ಮರೆಯದೆ ಹಚ್ಚಿಕೋ. ಕನ್ನಡಕ ಹಾಕಿಕೋ. ಅತ್ತೆಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ಮಗಳು,
ಹರ್ಷಿತಾ

ತಾ.ಕ.: ಕಾಗದ ಮಡಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಶ್ರಿಯಾ ಇದೇ ಮೇಜಿನ ಆ ತುದಿಯಲ್ಲಿ ಚಿತ್ರಕ್ಕೆ ಬಣ್ಣ ಹಾಕುತ್ತಾ ಕೂತಿದ್ದಾಳೆ. ಅಜ್ಜ ಊಟ ಮುಗಿದ ಮೇಲೂ ಕೈ ತೊಳೆಯದೆ ಅಷ್ಟು ಹೊತ್ತು ಯಾಕೆ ಕೂತಿರುತ್ತಿದ್ದರು, ನಿನಗೇನಾದರೂ ಗೊತ್ತಾ ಎಂದು ಸುಮ್ಮನೆ ಕೇಳಿದೆ. ತಲೆ ಎತ್ತದೆಯೇ, "ಹೀ ವಾಸ್ ವೇಟಿಂಗ್ ಫಾರ್ ಅಜ್ಜಿ ಟು ಫಿನಿಶ್" ಎಂದಳು. ಅಜ್ಜಿ ಉಂಡು ಮುಗಿಸಲಿ ಎಂದು ಕಾಯುತ್ತಿದ್ದರಂತೆ. ಅಜ್ಜಿ ಅಲ್ಲಿ ಇರಲೇ ಇಲ್ಲವಲ್ಲೇ ಎಂದೆ. ನಮ್ಮ ಜೊತೆ ಯಾವಾಗಲೂ ಇಂಗ್ಲಿಷಿನಲ್ಲೇ ಮಾತಾಡುವ ಹುಡುಗಿ, ನನಗೇ ಏನೂ ತಿಳಿಯುವುದಿಲ್ಲ ಎನ್ನುವ ಹಾಗೆ ನೋಡಿ, ಅಪ್ಪನ ದನಿಯಲ್ಲೇ ಕನ್ನಡದಲ್ಲಿ ಹೇಳಿದಳು: "ತಡಿ ಮಗ, ನಿಮ್ಮಜ್ಜಿ ಉಣ್ಣೋದು ನಿಧಾನ."